ಮಕ್ಕಳ ಹೊಸ ಪುಸ್ತಕ: ‘ಚೆನ್ನಾಗಿದೆ, ಓದಿಸಿ’ ಅಂದರೆ ಸಾಕಾ?

ಓದುಗಮ್ಮ
ನಮಸ್ಕಾರ ಎಲ್ಲರಿಗೂ. ಮಕ್ಕಳಿಗೆ, ಹದಿಹರೆಯದವರಿಗೆ ಅಂತ ಬರುವ ಹೊಸ ಪುಸ್ತಕಗಳನ್ನು ಓದಿ ಆಗಾಗ ನಾಲ್ಕು ಮಾತು ಬರೆಯುತ್ತೇನೆ. ಎಷ್ಟು ಬರೆದರೂ ಕೊನೆಗೆ ಬರುವ ಪ್ರಶ್ನೆ ಒಂದೇ: ‘ಅದೆಲ್ಲ ಸರಿ, ನಮ್ಮ ಮಗುವಿಗೆ ಕೊಡಬಹುದಾ?’ ಕಥೆ ಹೇಳಿರುತ್ತೇನೆ, ಭಾಷೆ ಹೇಗಿದೆ ಅಂತ ಹೇಳಿರುತ್ತೇನೆ, ಕೆಳಗೆ ‘8ರಿಂದ 12 ವರ್ಷ’ ಅಂತಲೂ ಹಾಕಿರುತ್ತೇನೆ. ಆದರೂ ಕೇಳಿದವರಿಗೆ ಬೇಕಾದ್ದು ಸಿಕ್ಕಿರುವುದಿಲ್ಲ.

ಬೇರೆಯವರು ಬರೆದದ್ದು ನೋಡಿದರೆ ಅಲ್ಲೂ ಅಷ್ಟೇ. ‘ಮನ ಮುಟ್ಟುವ ಕಥೆ, ಮುದ್ದಾದ ಚಿತ್ರಗಳು, ಪ್ರತಿ ಮಗುವೂ ಓದಲೇಬೇಕು.’ ಪುಸ್ತಕದ ಹೆಸರು ಬದಲಾಯಿಸಿದರೆ ಅದೇ ಮಾತು ಇನ್ನೊಂದಕ್ಕೂ ಹೊಂದುತ್ತದೆ. ನೀವು ಬರೆಯುವಾಗ ಏನು ಬರೆಯುತ್ತೀರಿ? ಬೇರೆಯವರದ್ದು ಓದುವಾಗ ಏನು ಹುಡುಕುತ್ತೀರಿ?

ಕಪಾಟಿನವಳು
ಶಾಲೆಯೊಂದರ ಲೈಬ್ರರಿ ನೋಡಿಕೊಳ್ಳುತ್ತೇನೆ. ವಯಸ್ಸಿನ ವಿಷಯ ಮೊದಲು ಎತ್ತುತ್ತೇನೆ, ಯಾಕೆಂದರೆ ಗೊಂದಲ ಶುರುವಾಗುವುದೇ ಅಲ್ಲಿಂದ.

ಪುಸ್ತಕದ ಹಿಂದೆ ಇರುವ ವಯಸ್ಸು ಪ್ರಕಾಶಕರಿಗೆ ಮತ್ತು ಮಾರುವವರಿಗೆ ಬೇಕಾದ್ದು. ಯಾವ ಕಪಾಟಿನಲ್ಲಿಡಬೇಕು ಅಂತ ತಿಳಿಯುತ್ತದೆ, ಅಷ್ಟೇ. ಆ ಒಂದು ಅಂಕಿಯೊಳಗೆ ಎರಡು ಬೇರೆ ಬೇರೆ ವಿಷಯ ಸೇರಿಕೊಂಡಿವೆ. ಓದಲು ಎಷ್ಟು ಕಷ್ಟ ಅನ್ನುವುದು ಒಂದು. ಒಳಗಿರುವ ವಿಷಯ ಎಷ್ಟು ಭಾರ ಅನ್ನುವುದು ಇನ್ನೊಂದು. ಎರಡೂ ಜತೆಜತೆಯಾಗಿ ಹೋಗುತ್ತವೆ ಅಂತೇನಿಲ್ಲ. ಇಂಗ್ಲಿಷ್ ಪುಸ್ತಕಗಳಿಗೆ ಲೆಕ್ಸೈಲ್ ಅಂತ ಒಂದು ಅಳತೆ ಕೊಡುತ್ತಾರೆ. ಅದು ಮುಖ್ಯವಾಗಿ ನೋಡುವುದು ವಾಕ್ಯ ಎಷ್ಟು ಉದ್ದ, ಪದಗಳು ಎಷ್ಟು ಬಳಕೆಯವು ಅಂತ. ಒಳಗೆ ಯುದ್ಧ ಇದೆಯಾ, ಮನೆಯಲ್ಲಿ ಹೊಡೆತ ಬಡಿತ ಇದೆಯಾ ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ. ತಾಯಿ ತೀರಿಕೊಂಡ ಕಥೆಯನ್ನು ಸಣ್ಣ ಸಣ್ಣ ವಾಕ್ಯಗಳಲ್ಲಿ ಬರೆದರೆ ಅಳತೆಯ ಪ್ರಕಾರ ಅದು ‘ಸುಲಭ’.

ನನ್ನ ಹತ್ತಿರ ಬರುವ ಮಕ್ಕಳಲ್ಲಿ ಎರಡೂ ಥರದವರಿದ್ದಾರೆ. ಒಂಬತ್ತು ವರ್ಷಕ್ಕೇ ದಪ್ಪ ಕಾದಂಬರಿ ಮುಗಿಸುವ ಹುಡುಗಿ ಇದ್ದಾಳೆ. ಓದುವ ಶಕ್ತಿ ಇದೆ, ಆದರೆ ಪ್ರೀತಿ ಪ್ರೇಮದ ಗೋಳು ಅವಳಿಗೆ ಬೇಕಿಲ್ಲ, ಬೋರು. ಹದಿನಾಲ್ಕರ ಹುಡುಗ ಇದ್ದಾನೆ. ಓದು ಕಷ್ಟ, ಪುಟ ಮುಗಿಸಲು ಹೆಣಗುತ್ತಾನೆ. ಹಾಗಂತ ಅವನಿಗೆ ಆರು ವರ್ಷದವರ ಮೊಲದ ಕಥೆ ಕೊಟ್ಟರೆ ಅವಮಾನ ಮಾಡಿದ ಹಾಗೆ. ಇಬ್ಬರಿಗೂ ಹಿಂಬದಿಯ ಅಂಕಿ ನಂಬಿ ಪುಸ್ತಕ ಕೊಟ್ಟರೆ ಎರಡೂ ವಾಪಸ್ ಬರುತ್ತವೆ.

ಆದ್ದರಿಂದ ‘8ರಿಂದ 12’ ಅಂತ ಹಾಕಿ ನಿಲ್ಲಿಸಬೇಡಿ. ಅಕ್ಷರ ದೊಡ್ಡದಾ, ಅಧ್ಯಾಯ ಚಿಕ್ಕದಾ, ನಡುನಡುವೆ ಚಿತ್ರ ಇದೆಯಾ, ಮಗು ಒಂದೇ ಕೂತು ಓದಬಹುದಾ ಅಥವಾ ದೊಡ್ಡವರು ಪಕ್ಕದಲ್ಲಿದ್ದರೆ ಒಳ್ಳೆಯದಾ, ಇದನ್ನೆಲ್ಲ ಬರೆಯಿರಿ.

ಒಂದುಸಾಲು
ಹಾಗಾದರೆ ವಯಸ್ಸು ಹಾಕಲೇಬೇಡಿ. ಮುಗಿಯಿತು.

ಕಪಾಟಿನವಳು
ಹಾಕದೇ ಇದ್ದರೆ ಕೊಳ್ಳುವವರಿಗೆ ದಿಕ್ಕೇ ತೋಚುವುದಿಲ್ಲ ಸರ್. ಅಂಕಿ ಇರಲಿ, ಅದರ ಪಕ್ಕದಲ್ಲಿ ಎರಡು ಸಾಲೂ ಇರಲಿ. ಓದು ಕಷ್ಟವಾಗುತ್ತದಾ ಅಂತ ನೋಡಲು ಬೆರಳು ಮಡಚುವ ಹಳೇ ಉಪಾಯ ಇದ್ದೇ ಇದೆ. ನಡುವಿನ ಒಂದು ಪುಟ ಓದಿಸಿ, ಗೊತ್ತಿಲ್ಲದ ಪದ ಬಂದಾಗೆಲ್ಲ ಒಂದು ಬೆರಳು ಮಡಚಲಿ. ಒಂದೇ ಪುಟಕ್ಕೆ ಐದೂ ಬೆರಳು ಮಡಚಿದರೆ ಸದ್ಯಕ್ಕೆ ಜತೆಗೆ ಕೂತು ಓದುವ ಪುಸ್ತಕ ಅದು.

ಗೆರೆಬಣ್ಣ
ನಾನು ಚಿತ್ರ ಬರೆಯುವವನು. ನನ್ನ ದೂರು ಒಂದೇ. ವಿಮರ್ಶೆಯಲ್ಲಿ ಕಥೆಗೆ ಮೂರು ಪ್ಯಾರಾ, ಚಿತ್ರಕ್ಕೆ ಕೊನೆಯಲ್ಲಿ ಒಂದು ಸಾಲು: ‘ಚಿತ್ರಗಳೂ ಸೊಗಸಾಗಿವೆ.’ ಆ ‘ಊ’ ನೋಡಿದರೆ ಮೈ ಉರಿಯುತ್ತದೆ.

ಚಿತ್ರಪುಸ್ತಕ ಹೆಚ್ಚಾಗಿ 32 ಪುಟ ಇರುತ್ತದೆ. ದೊಡ್ಡ ಹಾಳೆಯಲ್ಲಿ ಮುದ್ರಿಸಿ ಮಡಚಿ ಕತ್ತರಿಸುವಾಗ ಪುಟಗಳು 8, 16ರ ಲೆಕ್ಕದಲ್ಲೇ ಬರುವುದು ಅದಕ್ಕೆ ಕಾರಣ. ಹೆಸರಿನ ಪುಟ, ಹಕ್ಕುಗಳ ಪುಟ ಕಳೆದರೆ ಕಥೆಗೆ ಸಿಗುವುದು ಸುಮಾರು ಹನ್ನೆರಡು ಹದಿಮೂರು ಜೋಡಿಪುಟ. ಪುಟ ತಿರುಗಿಸುವ ಕ್ಷಣದಲ್ಲಿ ಏನನ್ನು ಬಚ್ಚಿಡಬೇಕು, ಏನನ್ನು ತೋರಿಸಬೇಕು ಅನ್ನುವುದೇ ಅರ್ಧ ಕೆಲಸ. ವಿಮರ್ಶೆ ಬರೆಯುವವರು ಅದನ್ನು ನೋಡುವುದೇ ಇಲ್ಲ.

ಈಗ ನನ್ನ ಮೇಜಿನ ಮೇಲೆ ಒಂದು ಹೊಸ ಪುಸ್ತಕ ಇದೆ. ಹೆಸರು ಹೇಳುವುದಿಲ್ಲ, ಹೇಳಿದರೆ ಗುಟ್ಟು ರಟ್ಟಾಗುತ್ತದೆ. ಮೊಮ್ಮಗಳು ಅಜ್ಜನ ಬಗ್ಗೆ ಹೇಳುತ್ತಾ ಹೋಗುವ ಕಥೆ. ಅಜ್ಜ ಬುದ್ಧಿವಂತ, ಅಜ್ಜ ತಮಾಷೆ ಮಾಡುತ್ತಾನೆ. ಮಾತಿನಲ್ಲಿ ಮರೆವಿನ ಸುದ್ದಿ ಎಲ್ಲೂ ಇಲ್ಲ. ಚಿತ್ರ ನೋಡಿ. ಮೊದಲು ಫ್ರಿಜ್ ಮೇಲೆ ಒಂದು ಚೀಟಿ ಅಂಟಿಸಿದೆ. ಎರಡು ಪುಟ ಆದ ಮೇಲೆ ಬಾಗಿಲಿಗೂ ಒಂದು, ಸ್ವಿಚ್ಚಿಗೂ ಒಂದು. ಕೊನೆಯ ಹೊತ್ತಿಗೆ ಗೋಡೆ ತುಂಬಾ ಚೀಟಿ. ಮೊಮ್ಮಗಳ ಫೋಟೊ ಕೆಳಗೆ ಅವಳ ಹೆಸರು ಬರೆದಿದೆ. ಅದನ್ನು ಯಾರು ಬರೆದರು, ಯಾಕೆ ಬರೆದರು ಅಂತ ಒಂದು ಅಕ್ಷರವೂ ಇಲ್ಲ. ಓದಿ ಹೇಳುತ್ತಿರುವ ದೊಡ್ಡವರ ಕಣ್ಣು ಅಕ್ಷರದ ಮೇಲೆ ಇರುತ್ತದೆ. ಓದು ಬಾರದ ಮಗುವಿನ ಕಣ್ಣು ಚಿತ್ರದ ಮೇಲೆ. ಈ ಪುಸ್ತಕದಲ್ಲಿ ಕಥೆ ಮೊದಲು ಅರ್ಥವಾಗುವುದು ಮಗುವಿಗೇ. ಇದಕ್ಕೆ ‘ಮುದ್ದಾದ ಚಿತ್ರಗಳು’ ಅಂತ ಬರೆದರೆ ಹೇಗೆ ಹೇಳಿ?

ಅಮೆರಿಕದಲ್ಲಿ ಮಕ್ಕಳ ಪುಸ್ತಕಕ್ಕೆ ಕೊಡುವ ನ್ಯೂಬರಿ ಪದಕ ಶುರುವಾಗಿದ್ದು 1922ರಲ್ಲಿ, ಬರೆದವರಿಗೆ. ಚಿತ್ರ ಬರೆದವರಿಗೆ ಕೊಡುವ ಕಾಲ್ಡೆಕಾಟ್ ಬಂದಿದ್ದು 1938ರಲ್ಲಿ. ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿ ಲೇಖಕರಿಗೆ 1956ರಿಂದ, ಚಿತ್ರಕಾರರಿಗೆ 1966ರಿಂದ. ಪ್ರಶಸ್ತಿ ಕೊಡುವವರಿಗೇ ನಮ್ಮ ನೆನಪು ತಡವಾಗಿ ಆಗಿದೆ, ವಿಮರ್ಶಕರನ್ನು ಸುಮ್ನೆ ಬೈಯುವುದೇನು!

ಹದಿನಾರರ ಹುಡುಗ
ಇಲ್ಲಿ ಇರುವವರಲ್ಲಿ ಹದಿಹರೆಯದವನು ನಾನೊಬ್ಬನೇ ಅನ್ನಿಸುತ್ತದೆ. ನಮಗೋಸ್ಕರ ಬರುವ ಪುಸ್ತಕಗಳ ಬಗ್ಗೆ ನಮ್ಮನ್ನು ಯಾರೂ ಕೇಳುವುದಿಲ್ಲ, ಆದ್ದರಿಂದ ಕೇಳದೇ ಹೇಳುತ್ತೇನೆ.

‘ಇಂದಿನ ಯುವಪೀಳಿಗೆಗೆ ಒಳ್ಳೆಯ ಸಂದೇಶವಿದೆ’ ಅಂತ ಕಂಡರೆ ನಾನು ಅಲ್ಲಿಗೇ ಬಿಡುತ್ತೇನೆ. ಸಂದೇಶ ಮನೆಯಲ್ಲೂ ಸಿಗುತ್ತದೆ, ಶಾಲೆಯಲ್ಲೂ ಸಿಗುತ್ತದೆ, ಜಾಸ್ತಿಯೇ ಸಿಗುತ್ತದೆ. ನನಗೆ ಬೇಕಾದ್ದು ಬೇರೆ. ಕಥೆ ಎಷ್ಟನೇ ಪುಟದಲ್ಲಿ ಶುರುವಾಗುತ್ತದೆ? ಹೇಳುವವನು ಯಾರು, ‘ನಾನು’ ಅಂತ ಹೇಳುತ್ತಾನಾ? ನಗು ಬರುತ್ತದಾ? ಸರಣಿಯ ಮೊದಲ ಭಾಗವಾದರೆ ಇದರಲ್ಲೇ ಏನಾದರೂ ಮುಗಿಯುತ್ತದಾ ಅಥವಾ ನಡುದಾರಿಯಲ್ಲಿ ಬಿಟ್ಟುಹೋಗುತ್ತಾರಾ? ಎರಡನೇ ಭಾಗ ಬಂದಿದೆಯಾ? ಇದನ್ನು ಯಾರೂ ಬರೆಯುವುದಿಲ್ಲ. ಮೂರು ಭಾಗದ ಸರಣಿ ಮೊದಲ ಭಾಗಕ್ಕೇ ನಿಂತುಹೋದದ್ದೂ ಉಂಟು.

ಇನ್ನೊಂದು. ಹದಿನೈದು ವರ್ಷದ ಪಾತ್ರ ನಲವತ್ತು ವರ್ಷದವರ ಹಾಗೆ ಮಾತಾಡಿದರೆ ನಮಗೆ ಎರಡನೇ ಪುಟದಲ್ಲೇ ಗೊತ್ತಾಗುತ್ತದೆ. ವಿಮರ್ಶೆ ಬರೆದವರಿಗೆ ಮಾತ್ರ ಅದು ‘ಪ್ರಬುದ್ಧ ಪಾತ್ರ’.

ಒಂದುಸಾಲು
ಈ ಹುಡುಗನ ಮಾತಿಗೆ ನನ್ನ ವೋಟು.

ಓದುಗಮ್ಮ
ಪಾತ್ರದ ಮಾತಿನ ವಿಷಯ ನಿಜ ಕಣಪ್ಪ. ಆದರೆ ಇನ್ನೊಂದು ತೊಡಕಿದೆ. ಹದಿಹರೆಯದವರ ಪುಸ್ತಕ ಕೊಳ್ಳುವವರೆಲ್ಲ ಹದಿಹರೆಯದವರಲ್ಲ. ಅಮೆರಿಕದಲ್ಲಿ 2012ರಲ್ಲಿ ಬಂದ ಒಂದು ಸಮೀಕ್ಷೆಯಲ್ಲಿ ಇಂಥ ಪುಸ್ತಕ ಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ 18 ದಾಟಿದವರಾಗಿದ್ದರು, ಅದೂ ಹೆಚ್ಚಿನವರು ತಮಗಾಗಿಯೇ ಕೊಂಡಿದ್ದರು. ಹಾಗಾಗಿ ಬರೆಯುವವರೂ ದೊಡ್ಡವರ ರುಚಿಗೆ ಬರೆಯುತ್ತಾರೆ, ವಿಮರ್ಶೆಯೂ ದೊಡ್ಡವರ ರುಚಿಗೇ ಬರುತ್ತದೆ.

ಹದಿನಾರರ ಹುಡುಗ
ಅದಕ್ಕೇ ಹೇಳಿದ್ದು. ನಿಮಗೆ ಇಷ್ಟವಾಯಿತಾ ಅಂತ ಬರೆಯಿರಿ, ಬೇಡ ಅನ್ನಲ್ಲ. ನಮ್ಮ ವಯಸ್ಸಿನವರು ಯಾರಾದರೂ ಓದಿದ್ದರೆ ಅವರು ಏನಂದರು ಅಂತಲೂ ಒಂದು ಸಾಲು ಬರೆಯಿರಿ. ಅರ್ಧಕ್ಕೆ ಬಿಟ್ಟಿದ್ದರೆ ಎಲ್ಲಿ ಬಿಟ್ಟರು ಅನ್ನುವುದನ್ನೂ.

ಕಪಾಟಿನವಳು
ಜರ್ಮನಿಯ ಮಕ್ಕಳ ಸಾಹಿತ್ಯ ಪ್ರಶಸ್ತಿಯಲ್ಲಿ ಹದಿಹರೆಯದವರೇ ತೀರ್ಪುಗಾರರಾಗಿರುವ ಒಂದು ವಿಭಾಗವೇ ಇದೆ. ಬ್ರಿಟನ್ನಿನ ಕಾರ್ನೆಗಿ ಪದಕಕ್ಕೆ ಸ್ಪರ್ಧಿಸುವ ಪುಸ್ತಕಗಳನ್ನು ಶಾಲೆ, ಲೈಬ್ರರಿಗಳ ಓದುಗುಂಪುಗಳು ತೀರ್ಪುಗಾರರ ಜತೆಜತೆಗೇ ಓದಿ ತಮ್ಮದೇ ಅಭಿಪ್ರಾಯ ಹೇಳುತ್ತವೆ. ದೊಡ್ಡವರ ಆಯ್ಕೆಯೂ ಮಕ್ಕಳ ಆಯ್ಕೆಯೂ ಒಂದೇ ಆಗಬೇಕು ಅಂತೇನಿಲ್ಲ. ಬೇರೆಯಾದಾಗಲೇ ನನಗೆ ಹೆಚ್ಚು ಕುತೂಹಲ.

ಗಾಬರಿ ಅಮ್ಮ
ಎಲ್ಲ ಒಪ್ಪುತ್ತೇನೆ. ಆದರೆ ಒಳಗೆ ಏನಿದೆ ಅಂತ ನನಗೆ ಮೊದಲೇ ತಿಳಿಯಬೇಕು. ಆತ್ಮಹತ್ಯೆ, ಕಿರುಕುಳ, ರಕ್ತಪಾತ ಇದ್ದರೆ ಹೇಳಿಬಿಡಿ. ಕಥೆಯ ತಿರುವು ಕೆಡುತ್ತದೆ ಅಂತ ಮುಚ್ಚಿಡಬೇಡಿ.

ಒಂದುಸಾಲು
ಎಲ್ಲದಕ್ಕೂ ಎಚ್ಚರಿಕೆ ಅಂಟಿಸಿದರೆ ಪುಸ್ತಕವೋ ಮಾತ್ರೆ ಡಬ್ಬಿಯೋ?

ಕಪಾಟಿನವಳು
ಇಬ್ಬರದ್ದೂ ಸರಿ ಅಂತ ತೇಲಿಸುವುದಿಲ್ಲ, ನಾನು ಅಮ್ಮನ ಕಡೆ. ಆದರೆ ‘ಸೂಕ್ಷ್ಮ ವಿಷಯಗಳಿವೆ’ ಅಂತ ಬರೆಯುವುದರಿಂದ ಏನೂ ಉಪಯೋಗವಿಲ್ಲ. ಅದನ್ನು ಓದಿ ಹೆದರುವುದು ಬಿಟ್ಟು ಇನ್ನೇನು ಮಾಡುವುದು? ಏನಿದೆಯೋ ಅದನ್ನು ನೇರವಾಗಿ ಹೇಳಿ. ‘ಅರ್ಧದಲ್ಲಿ ಸಾಕಿದ ನಾಯಿ ಸಾಯುತ್ತದೆ. ಸಾಯುವುದನ್ನು ವರ್ಣಿಸಿಲ್ಲ, ಆಮೇಲಿನ ಅಳು ಮಾತ್ರ ಇದೆ.’ ಇಷ್ಟು ಸಾಕು. ನಾಯಿ ಕಳೆದುಕೊಂಡು ತಿಂಗಳೂ ಆಗದ ಮಗುವಿಗೆ ಇದು ಬೇಡ ಅಂತ ಒಬ್ಬ ಅಮ್ಮ ಅಂದುಕೊಳ್ಳಬಹುದು. ಇನ್ನೊಬ್ಬ ಅಮ್ಮ ಅದೇ ಕಾರಣಕ್ಕೆ ಇದೇ ಬೇಕು ಅನ್ನಬಹುದು. ಆ ತೀರ್ಮಾನ ಅವರದ್ದು, ನಮ್ಮದಲ್ಲ.

ತಿರುವಿನ ಚಿಂತೆ ಇರುವವರು ಈ ಮಾತನ್ನು ಕೊನೆಯಲ್ಲಿ, ‘ಕಥೆ ತಿಳಿಯಬಾರದು ಅನ್ನುವವರು ಇಲ್ಲಿಗೆ ನಿಲ್ಲಿಸಿ’ ಅಂತ ಹೇಳಿ ಬರೆದರೆ ಆಯಿತು. ಆದರೆ ಆತ್ಮಹತ್ಯೆಯಂಥ ವಿಷಯವಾದರೆ ನಾನು ಕೊನೆಗೆ ಕಾಯುವುದಿಲ್ಲ, ಮೊದಲೇ ಹೇಳುತ್ತೇನೆ. ತಿರುವು ಕೆಟ್ಟರೆ ಕೆಡಲಿ.

ಕಿವಿಮಾತು
ನನ್ನ ಮಗಳು ಕಿವಿಯಂತ್ರ ಹಾಕಿಕೊಳ್ಳುತ್ತಾಳೆ. ಅಂಥ ಮಗು ಇರುವ ಪುಸ್ತಕ ಬಂದರೆ ಎಲ್ಲರೂ ನನಗೇ ಕಳಿಸುತ್ತಾರೆ, ಪ್ರೀತಿಯಿಂದಲೇ. ಹೆಚ್ಚಿನವು ಒಂದೇ ಅಚ್ಚು. ಮಗುವನ್ನು ಮೊದಲು ಎಲ್ಲರೂ ಆಡಿಕೊಳ್ಳುತ್ತಾರೆ, ಕೊನೆಗೆ ಅವಳು ಏನೋ ಸಾಹಸ ಮಾಡುತ್ತಾಳೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಸಾಹಸ ಮಾಡದಿದ್ದರೆ ಅವಳ ಜತೆ ಆಡುತ್ತಿರಲಿಲ್ಲವಾ?

ಈಚೆಗೆ ಒಂದು ತೆಳುವಾದ ಪುಸ್ತಕ ಸಿಕ್ಕಿತು. ಹುಡುಗಿ ಕಳೆದುಹೋದ ಬೆಕ್ಕು ಹುಡುಕುತ್ತಾಳೆ. ಕಿವಿಯಂತ್ರ ಪ್ರತಿ ಚಿತ್ರದಲ್ಲೂ ಇದೆ, ಮಾತಿನಲ್ಲಿ ಒಂದೇ ಕಡೆ ಬರುತ್ತದೆ: ಬ್ಯಾಟರಿ ಮುಗಿದಾಗ. ಮಗಳು ಆ ಪುಟಕ್ಕೆ ಬೆರಳಿಟ್ಟು ನಕ್ಕಳು. ‘ಇವಳೂ ಎಕ್ಸ್‌ಟ್ರಾ ಬ್ಯಾಟರಿ ಮರೆತಿದ್ದಾಳೆ!’ ಆ ಪುಸ್ತಕದ ವಿಮರ್ಶೆಗಳಲ್ಲಿ ಬ್ಯಾಟರಿಯ ಮಾತೇ ಇಲ್ಲ. ‘ವಿಶೇಷ ಮಕ್ಕಳಿಗೆ ಸ್ಫೂರ್ತಿ’ ಅಂತಿದೆ. ಸ್ಫೂರ್ತಿ ಯಾರಿಗೆ ಬೇಕಿತ್ತು? ಬೆಕ್ಕು ಬೇಕಿತ್ತು.

ಕಪಾಟಿನವಳು
ರುಡೀನ್ ಸಿಮ್ಸ್ ಬಿಷಪ್ ಅನ್ನುವ ಅಮೆರಿಕದ ಪ್ರಾಧ್ಯಾಪಕಿ 1990ರಲ್ಲಿ ಬರೆದ ಲೇಖನದಲ್ಲಿ ಪುಸ್ತಕ ಕೆಲವರಿಗೆ ತಮ್ಮನ್ನೇ ಕಾಣುವ ಕನ್ನಡಿ, ಕೆಲವರಿಗೆ ಬೇರೆಯವರ ಬದುಕು ಕಾಣುವ ಕಿಟಕಿ ಅಂದಿದ್ದರು. ನಿಮ್ಮ ಮಗಳಿಗೆ ಕನ್ನಡಿ ಸಿಕ್ಕಿದೆ. ವಿಮರ್ಶೆ ಬರೆದವರು ಅದನ್ನು ಕಿಟಕಿಯಿಂದ ಮಾತ್ರ ನೋಡಿದ್ದಾರೆ. ಬೆಕ್ಕಿನ ಪುಸ್ತಕದ ಹೆಸರು ನನಗೆ ಮೆಸೇಜ್ ಮಾಡಿ, ತರಿಸುತ್ತೇನೆ.

ವಿಜ್ಞಾನದ ಮೇಷ್ಟ್ರು
ಎಲ್ಲರೂ ಕಥೆ ಪುಸ್ತಕದ ಬಗ್ಗೆಯೇ ಮಾತಾಡುತ್ತಿದ್ದೀರಿ. ಮಾಹಿತಿ ಪುಸ್ತಕಗಳ ಗತಿ ಕೇಳಬೇಡಿ. ಬಣ್ಣ ಚೆನ್ನಾಗಿದ್ದರೆ ಸಾಕು, ‘ಜ್ಞಾನ ಭಂಡಾರ’ ಅಂತ ಬರೆದು ಐದು ನಕ್ಷತ್ರ ಕೊಡುತ್ತಾರೆ. ಒಳಗಿರುವುದು ಸರಿಯಾ ಅಂತ ನೋಡುವವರಿಲ್ಲ.

ನಾನು ಹೊಸ ಪುಸ್ತಕ ಕೈಗೆ ಬಂದರೆ ಮೊದಲು ಕೆಲವು ಪುಟ ತೆಗೆದು ನೋಡುತ್ತೇನೆ. ನಾಲಿಗೆಯ ಚಿತ್ರ ಇದ್ದು, ತುದಿಗೆ ಸಿಹಿ, ಹಿಂದೆ ಕಹಿ ಅಂತ ಭಾಗ ಮಾಡಿದ್ದರೆ ಅಲ್ಲೇ ಮುಚ್ಚುತ್ತೇನೆ. 1901ರ ಒಂದು ಜರ್ಮನ್ ಪ್ರಬಂಧವನ್ನು ತಪ್ಪಾಗಿ ಅರ್ಥ ಮಾಡಿಕೊಂಡದ್ದರಿಂದ ಹುಟ್ಟಿದ ನಕ್ಷೆ ಅದು. ರುಚಿಮೊಗ್ಗು ಇರುವಲ್ಲೆಲ್ಲ ಎಲ್ಲ ರುಚಿಯೂ ತಿಳಿಯುತ್ತದೆ. ಆದರೂ ಹೊಸ ಹೊಸ ಪುಸ್ತಕಗಳಲ್ಲಿ ಬರುತ್ತಲೇ ಇದೆ. ಪ್ಲೂಟೊ 2006ರಿಂದ ಕುಬ್ಜಗ್ರಹ, ಅದನ್ನು ಈಗ ಎಲ್ಲರೂ ತಿದ್ದಿಕೊಂಡಿದ್ದಾರೆ. ಡೈನೊಸಾರ್ ಪುಟ ನೋಡಿ. 1996ರಲ್ಲಿ ಚೀನಾದಲ್ಲಿ ಸಿಕ್ಕ ಪಳೆಯುಳಿಕೆಯಲ್ಲಿ ಗರಿಯಂಥ ಎಳೆಗಳು ಕಂಡ ಮೇಲೆ ಎಷ್ಟೋ ಜಾತಿಗಳ ಚಿತ್ರವೇ ಬದಲಾಗಿದೆ. ಇನ್ನೂ ವೆಲೊಸಿರ‍್ಯಾಪ್ಟರನ್ನು ಬೋಳು ಚರ್ಮದಲ್ಲಿ ಬರೆದಿದ್ದರೆ ಚಿತ್ರಕಾರರಿಗೆ ಯಾರೂ ಹೇಳಿಲ್ಲ ಅಂತ ಅರ್ಥ. ಗೆರೆಬಣ್ಣ ಅವರೇ, ಬೇಜಾರು ಮಾಡಿಕೊಳ್ಳಬೇಡಿ.

ಕೆಲವು ಅಂಕಿಗಳು ಹಳತಾಗುವುದು ಯಾರ ತಪ್ಪೂ ಅಲ್ಲ. 2025ರ ಮಾರ್ಚ್‌ನಲ್ಲಿ ಶನಿಗೆ ಒಮ್ಮೆಗೇ 128 ಚಂದ್ರಗಳು ಸೇರಿ ಒಟ್ಟು 274 ಆದವು. ಅದಕ್ಕೆ ಮುಂಚೆ ಅಚ್ಚಾದ ಪುಸ್ತಕ ಏನು ಮಾಡಬೇಕು ಪಾಪ? ‘ಇಂಥ ವರ್ಷದವರೆಗೆ ತಿಳಿದಿದ್ದು’ ಅಂತ ಒಂದು ಮಾತು ಸೇರಿಸಿದ್ದರೆ ಆ ಪುಸ್ತಕದ ಮೇಲೆ ನನಗೆ ಗೌರವ. ಹಿಂದೆ ಪದಸೂಚಿ ಇದೆಯಾ, ವಿಷಯ ಬಲ್ಲವರು ಯಾರಾದರೂ ನೋಡಿದ್ದಾರಾ, ಚಿತ್ರದಲ್ಲಿ ‘ಅಳತೆಗೆ ತಕ್ಕಂತೆ ಇಲ್ಲ’ ಅಂತ ಹೇಳಿದ್ದಾರಾ, ಇದಿಷ್ಟು ವಿಮರ್ಶೆಯಲ್ಲಿ ಬಂದರೆ ಮೇಷ್ಟ್ರುಗಳಿಗೆ ದೊಡ್ಡ ಉಪಕಾರ.

ಗೆರೆಬಣ್ಣ
ಬೇಜಾರಿಲ್ಲ ಮೇಷ್ಟ್ರೇ. ಗರಿ ಬರೆಯುವುದು ಚರ್ಮಕ್ಕಿಂತ ಖುಷಿಯ ಕೆಲಸ. ಹೇಳಿದ್ದರೆ ಬರೆಯುತ್ತಿದ್ದೆವು.

ಎರಡು ದಡ
ಅನುವಾದ ಮಾಡುವವಳು ನಾನು. ಬೇರೆ ಭಾಷೆಯಿಂದ ಬಂದ ಮಕ್ಕಳ ಪುಸ್ತಕಕ್ಕೆ ವಿಮರ್ಶೆ ಬರೆದರೆ ಅನುವಾದಕರ ಹೆಸರು ಹಾಕಿ, ದಯವಿಟ್ಟು. ಮಕ್ಕಳ ಪುಸ್ತಕಗಳ ಅಂತರರಾಷ್ಟ್ರೀಯ ಮಂಡಳಿ ಐಬಿಬಿವೈ ಎರಡು ವರ್ಷಕ್ಕೊಮ್ಮೆ ಹೊರಡಿಸುವ ಗೌರವ ಪಟ್ಟಿಯಲ್ಲಿ ಬರಹ, ಚಿತ್ರದ ಜತೆ ಅನುವಾದಕ್ಕೂ ಜಾಗ ಇದೆ. ಅನುವಾದ ಹೇಗಿದೆ ಅಂತ ನೋಡಲು ಮೂಲ ಭಾಷೆ ಬರಬೇಕಿಲ್ಲ. ಒಂದು ಪುಟ ಗಟ್ಟಿಯಾಗಿ ಓದಿ. ಎಲ್ಲಿ ಉಸಿರು ಸಿಕ್ಕಿಕೊಳ್ಳುತ್ತದೋ ಅಲ್ಲಿ ಕೆಲಸ ಬಾಕಿ ಇದೆ.

ಚಿಕ್ಕಪ್ಪ
ದೊಡ್ಡ ದೊಡ್ಡ ವಿಷಯ ನಡೆಯುತ್ತಿದೆ, ನಡುವೆ ನನ್ನದೊಂದು ಸಣ್ಣ ಕೋರಿಕೆ. ಅಣ್ಣನ ಮಗಳಿಗೆ ಹನ್ನೊಂದು. ಪುಸ್ತಕ ಕಂಡರೆ ದೂರ ಓಡುತ್ತಾಳೆ. ಒಳ್ಳೆಯ ಪುಸ್ತಕ ಒಂದು ಹೇಳಿ.

ಕಪಾಟಿನವಳು
ಒಂದು ಪುಸ್ತಕದ ಹೆಸರು ಈಗಲೇ ಹೇಳುವುದಿಲ್ಲ. ಪುಸ್ತಕ ಬಿಟ್ಟು ಅವಳು ಏನು ಮಾಡುತ್ತಾಳೆ?

ಚಿಕ್ಕಪ್ಪ
ಏನು ಸಿಕ್ಕಿದರೂ ಬಿಚ್ಚುತ್ತಾಳೆ. ಗಡಿಯಾರ, ರಿಮೋಟ್, ಎಲ್ಲ. ಜೋಡಿಸುವುದು ಕಡಿಮೆ. ಮತ್ತೆ ಒಗಟು ಅಂದರೆ ಪ್ರಾಣ.

ಕಪಾಟಿನವಳು
ನೋಡಿ, ‘ಹನ್ನೊಂದು ವರ್ಷ’ಕ್ಕಿಂತ ಇದು ಎಷ್ಟು ಉಪಯೋಗದ ಮಾತು! ಯಂತ್ರಗಳನ್ನು ಸೀಳಿದ ಹಾಗೆ ಒಳಗಿನದ್ದೆಲ್ಲ ತೋರಿಸುವ ದೊಡ್ಡ ಚಿತ್ರಗಳ ಪುಸ್ತಕ ಒಂದು. ಓದುಗರೇ ಸುಳಿವು ಬಿಡಿಸಬೇಕಾದ ಪತ್ತೇದಾರಿ ಒಂದು, ಅಧ್ಯಾಯ ಚಿಕ್ಕದಿರಲಿ. ಕಾಮಿಕ್ಸ್ ಒಂದು. ಮೂರನ್ನೂ ಒಟ್ಟಿಗೆ ಮೇಜಿನ ಮೇಲಿಟ್ಟು ಸುಮ್ಮನಿರಿ. ಯಾವುದು ಎತ್ತಿಕೊಂಡಳು ಅಂತ ನೋಡಿ, ಮುಂದಿನದ್ದು ಅದೇ ಜಾಡಿನಲ್ಲಿ ಹುಡುಕೋಣ. ಓದಿ ಮುಗಿಸಿದ ಮೇಲೆ ‘ಏನು ಕಲಿತೆ?’ ಅಂತ ಮಾತ್ರ ಕೇಳಬೇಡಿ.

ಚಿಕ್ಕಪ್ಪ
ಕಾಮಿಕ್ಸ್ ಓದಿದರೆ ಓದಿದ ಹಾಗೆ ಆಗುತ್ತದಾ ಮೇಡಂ? ಅಣ್ಣ ಬೈಯುತ್ತಾನೆ.

ಗೆರೆಬಣ್ಣ
ಅಣ್ಣನಿಗೆ ಮಾತಿಲ್ಲದ ಕಾಮಿಕ್ಸಿನ ಎರಡು ಪುಟ ಕೊಟ್ಟು ಕಥೆ ಹೇಳಲು ಹೇಳಿ. ಯಾವ ಚೌಕ ಮೊದಲು, ಎರಡು ಚೌಕದ ನಡುವೆ ಎಷ್ಟು ಹೊತ್ತು ಕಳೆಯಿತು, ಯಾರ ಮುಖ ಯಾಕೆ ಬದಲಾಯಿತು ಅಂತ ಊಹಿಸುತ್ತಾ ಹೋಗಬೇಕು. ಸುಲಭ ಅಲ್ಲ.

ಓದುಗಮ್ಮ
ಇಷ್ಟು ಓದಿದ ಮೇಲೆ ಹಳೆಯ ಒಂದು ವಿಮರ್ಶೆ ತೆಗೆದು ಮತ್ತೆ ಬರೆದೆ. ಮೊದಲು ‘ಗೆಳೆತನದ ಮಹತ್ವ ಸಾರುವ ಸುಂದರ ಕಾದಂಬರಿ, 10+’ ಅಂತಿತ್ತು. ಈಗ ಹೀಗಿದೆ, ಎಲ್ಲಿ ಬೇಕೋ ಅಲ್ಲಿ ನೀವೇ ಕತ್ತರಿ ಹಾಕಿ:

‘ಊರು ಬಿಟ್ಟು ಬಂದ ಹುಡುಗ, ಹೊಸ ಶಾಲೆಯಲ್ಲಿ ಯಾರ ಜತೆಯೂ ಮಾತಾಡದ ಹುಡುಗಿ. ಇಬ್ಬರೂ ಸೇರಿ ಮುಚ್ಚಿಹೋದ ರೇಡಿಯೊ ಕೇಂದ್ರವನ್ನು ಮತ್ತೆ ಮಾತಾಡಿಸುತ್ತಾರೆ. ಹೇಳುವವನು ಹುಡುಗ, ಮಾತಿನಲ್ಲಿ ತುಂಟತನ ಇದೆ. ಮೊದಲ 30 ಪುಟ ನಿಧಾನ. ರೇಡಿಯೊ ಬಂದ ಮೇಲೆ ಬೇಗ ಸಾಗುತ್ತದೆ. ಹುಡುಗನ ಅಪ್ಪ ಕುಡಿಯುತ್ತಾನೆ. ಒಂದು ರಾತ್ರಿ ಸಾಮಾನು ಒಡೆಯುತ್ತಾನೆ, ಯಾರಿಗೂ ಹೊಡೆಯುವುದಿಲ್ಲ. ಕೊನೆಯಲ್ಲೂ ಅಪ್ಪ ಸರಿಹೋಗುವುದಿಲ್ಲ, ಅದು ನನಗೆ ಇಷ್ಟವಾಯಿತು. ರೇಡಿಯೊ ಕೆಲಸ ಮಾಡುವ ರೀತಿ ವಿವರಿಸಿದ ಅಧ್ಯಾಯ ಉದ್ದವಾಯಿತು. ಹನ್ನೆರಡರ ನನ್ನ ಮಗ ಅದನ್ನೇ ಎರಡು ಸಲ ಓದಿದ. ಒಂದೇ ಭಾಗದ ಕಥೆ, ಮುಗಿಯುತ್ತದೆ.’

ಹದಿನಾರರ ಹುಡುಗ
‘ಮುಗಿಯುತ್ತದೆ’ಗೆ ಥ್ಯಾಂಕ್ಸ್ ಆಂಟಿ.

ವಿಜ್ಞಾನದ ಮೇಷ್ಟ್ರು
ರೇಡಿಯೊ ವಿವರಣೆ ಸರಿ ಇದೆಯಾ? ಆ ಅಧ್ಯಾಯ ನನಗೆ ಕಳಿಸಿ, ನೋಡಿ ಹೇಳುತ್ತೇನೆ.

ಗೆರೆಬಣ್ಣ
ಮುಖಪುಟದ ಚಿತ್ರ ಯಾರದು?

ಓದುಗಮ್ಮ
ಹೆಸರು ಸೇರಿಸುತ್ತೇನೆ. ಪುಸ್ತಕ ಪ್ರಕಾಶಕರೇ ಉಚಿತವಾಗಿ ಕಳಿಸಿದ್ದು, ಅದನ್ನೂ ಬರೆಯುತ್ತೇನೆ.

ಒಂದುಸಾಲು
ಬಿಟ್ಟಿ ಬಂದ ಪುಸ್ತಕಕ್ಕೆ ‘ನಿಧಾನ’ ಅಂತ ಬರೆದಿದ್ದೀರಲ್ಲ, ಅದಕ್ಕೇ ಉಳಿದದ್ದನ್ನು ನಂಬುತ್ತೇನೆ.

ಚಿಕ್ಕಪ್ಪ
ರೇಡಿಯೊ ಅಂದ ಕೂಡಲೇ ನಮ್ಮ ಹುಡುಗಿಗೆ ಇದೇ ಸರಿ ಅಂದುಕೊಂಡೆ. ಆಮೇಲೆ ‘ಮೊದಲ 30 ಪುಟ ನಿಧಾನ’ ನೋಡಿದೆ. ಅವಳು ಮೂರನೇ ಪುಟಕ್ಕೇ ಎದ್ದು ಹೋಗುತ್ತಾಳೆ. ಸದ್ಯಕ್ಕೆ ಬೇಡ. ಯಂತ್ರ ಸೀಳಿ ತೋರಿಸುವ ಪುಸ್ತಕವನ್ನೇ ಮೊದಲು ತರುತ್ತೇನೆ.

ಕಪಾಟಿನವಳು
ತನ್ನಿ. ರೇಡಿಯೊ ಪುಸ್ತಕದಲ್ಲಿ ಆ ಉದ್ದದ ಅಧ್ಯಾಯವನ್ನು ಮಾತ್ರ ಬೇಕಾದರೆ ಆಮೇಲೆ ಓದಿ ಹೇಳಿ. ಮೊದಲಿಂದಲೇ ಓದಬೇಕು ಅಂತ ಯಾರೂ ಹೇಳಿಲ್ಲ.